ಆಗು ಎಂದದ್ದು ಯಾವ ಭಾಷೆಯಲ್ಲಿ

ಬೂಟು ಬಿಚ್ಚಿದ್ದು ಕೂಡ ನಿಜವಿರಲಾರದು. ನನ್ನ ಕಣ್ಣಿಗೆ ಕಟ್ಟಿದ ಚಿತ್ರದಲ್ಲಿ ತಂಗಿಯ ಎಡಗಾಲಿನ ಬೂಟು ಗೋಲಿನ ಮುಂದಿನ ಕೆಂಪು ಮಣ್ಣಿನಲ್ಲಿ ಮಗ್ಗುಲಾಗಿ ಬಿದ್ದಿದೆ, ಅವಳು ಬರಿಗಾಲಿನಲ್ಲೇ ಬಾಲು ಒದೆಯುತ್ತಿದ್ದಾಳೆ. ಬೂಟಿನ ಲೇಸು ಎತ್ತ ಕಡೆ ತಿರುಗಿ ಬಿದ್ದಿತ್ತು ಎಂದೂ ಹೇಳಬಲ್ಲೆ. ಅದಕ್ಕೇ ನನಗೆ ಅನುಮಾನ. ಅವತ್ತು ನಾನು ಕೂತಿದ್ದ ಗ್ಯಾಲರಿಯ ಮೆಟ್ಟಿಲಿನಿಂದ ಲೇಸು ಕಾಣುವ ಹಾಗೇ ಇರಲಿಲ್ಲ. ಬೂಟು ಬಿಚ್ಚಿದ್ದರೆ ನಮಗೆ ಅನುಕೂಲವಾಗುತ್ತಿತ್ತು. ಅನುಕೂಲವಾದದ್ದನ್ನು ನೆನಪು ಎಲ್ಲಿಂದಾದರೂ ಹೊತ್ತು ತರುತ್ತದೆ. ಹಾಗಾಗಿ ಬೂಟನ್ನು ಸದ್ಯಕ್ಕೆ ಪಕ್ಕಕ್ಕಿಡುತ್ತೇನೆ.

ಬೇರೆಯವರೂ ಒಪ್ಪುವ ಸಂಗತಿಗಳು ಇಷ್ಟು. ತೆಲಂಗಾಣದ ಮಲ್ಕಾಜ್‌ಗಿರಿಯ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಫುಟ್‌ಬಾಲ್ ಸ್ಟೇಡಿಯಂ ಇದೆ. ತಂಗಿ ಅಲ್ಲಿನ ಹುಡುಗಿಯರ ತಂಡದಲ್ಲಿ ಮುಂದೆ ನಿಂತು ಆಡುವವಳು. ಆ ಚಳಿಗಾಲದ ಟೂರ್ನಮೆಂಟಿನ ಫೈನಲ್‌ನಲ್ಲಿ ಅವಳೊಂದು ಗೋಲು ಹೊಡೆದಳು. ಹೊಡೆಯುವ ಮುಂಚೆ ಒಂದು ಮಾತು ಆಡಿದಳು. ಆ ಮಾತು ಮೋಸವೋ ಅಲ್ಲವೋ ಎಂದು ತೀರ್ಮಾನಿಸಲು ಕಮಿಟಿ ಕೂತಿತು. ಮೋಸ ಎಂದಾಗಿದ್ದರೆ ಅವಳಿಗೆ ಕಮಿಟಿಯ ಶಿಫಾರಸು ಸಿಗುತ್ತಿರಲಿಲ್ಲ. ಶಿಫಾರಸು ಇಲ್ಲದೆ, ಮರುತಿಂಗಳು ಒಂದು ಸರ್ಕಾರಿ ಕಾರ್ಖಾನೆ ನಡೆಸಲಿದ್ದ ಕ್ರೀಡಾ ಕೋಟಾದ ಆಯ್ಕೆಗೆ ಹೋಗುವ ಹಾಗಿರಲಿಲ್ಲ. ವಯಸ್ಸಿನ ಮಿತಿ ಆ ವರ್ಷಕ್ಕೇ ಮುಗಿಯುತ್ತಿತ್ತು. ಓದಿನಲ್ಲಿ ಅಷ್ಟಕ್ಕಷ್ಟೇ ಆಗಿದ್ದ ನನ್ನ ತಂಗಿಗೆ ನೌಕರಿಯ ದಾರಿ ಅದೊಂದೇ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಸ್ಟೇಡಿಯಂ ಎಂದು ಬೋರ್ಡಿನ ಮೇಲೆ ಬರೆದಿದೆ, ಬಾಯಲ್ಲಿ ಯಾರೂ ಹಾಗೆ ಅನ್ನುವುದಿಲ್ಲ. ಎಲ್ಲರಿಗೂ ಅದು ಗ್ರೌಂಡ್. ಒಂದು ಕಡೆ ತಗಡಿನ ಸೂರಿನ ಕಲ್ಲಿನ ಗ್ಯಾಲರಿ, ಉಳಿದ ಕಡೆ ಕಾಂಪೌಂಡು, ಕಾಂಪೌಂಡಿನ ಆಚೆ ರೈಲು. ಅದರ ಚರಿತ್ರೆ ಕೇಳಿದರೆ ಒಬ್ಬೊಬ್ಬರದು ಒಂದೊಂದು. ನಮ್ಮಪ್ಪ ಕಲಬುರಗಿ ಕಡೆಯಿಂದ ಬಂದು ರೈಲ್ವೆಯಲ್ಲಿ ಗಾರ್ಡ್ ಆದವರು. ನಿಜಾಮರ ಕಾಲದಲ್ಲಿ ಅದು ಕುದುರೆಗಳಿಗೆ ಹುಲ್ಲು ಬೆಳೆಯುತ್ತಿದ್ದ ಜಾಗ ಎನ್ನುತ್ತಿದ್ದರು. ಹಾಲಿನವನು ಅದು ತನ್ನ ಅಜ್ಜನ ಎಮ್ಮೆಗಳು ಹೊರಳುತ್ತಿದ್ದ ಕೆಸರಿನ ಹೊಂಡ ಎನ್ನುತ್ತಿದ್ದ. ಟೂರ್ನಮೆಂಟ್ ಕಮಿಟಿಯ ಹಿರಿಯರು, ನಾವೆಲ್ಲ ಚಾಚಾ ಎಂದು ಕರೆಯುತ್ತಿದ್ದವರು, ಇಬ್ಬರನ್ನೂ ಒಪ್ಪುತ್ತಿರಲಿಲ್ಲ. "ಪೈಲೇ ಗೋಲ್ ಗಡೇ, ಬಾದ್ ಮೇ ಜಮೀನ್ ಆಯಿ" ಎನ್ನುತ್ತಿದ್ದರು. ಮೊದಲು ಗೋಲಿನ ಕಂಬ ನೆಟ್ಟರಂತೆ, ಆಮೇಲೆ ನೆಲ ಬಂತಂತೆ.

ಚಾಚಾ ತಮ್ಮ ಕಾಲದಲ್ಲಿ ಅಲ್ಲೇ ಬರಿಗಾಲಲ್ಲಿ ಆಡಿದವರು. ಅವರದೊಂದು ಕತೆ ಗ್ರೌಂಡಿನ ಆಸ್ತಿಯ ಹಾಗಿತ್ತು. ಯಾವುದೋ ಫೈನಲ್‌ನ ಕೊನೆಯ ಹೊತ್ತು; ಬಾಲು ಎದುರು ತಂಡದವನ ಕಾಲಿಗೆ ಬರುವುದರಲ್ಲಿತ್ತು. ಚಾಚಾ ಅವನ ಬೆನ್ನ ಹಿಂದಿನಿಂದ, ಅವನ ಗೋಲ್‌ಕೀಪರಿನ ದನಿಯಲ್ಲಿ, "ಛೋಡ್!" ಎಂದರು. ಬಿಡು ಎಂದದ್ದು ತನ್ನವನೇ ಅಂದುಕೊಂಡು ಅವನು ಬಿಟ್ಟ. ಚಾಚಾ ಒದ್ದರು, ಗೋಲು. ಈ ಕತೆಯನ್ನು ಅವರು ಚಹಾ ಕುಡಿಯುತ್ತ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಕೇಳಿದವರೆಲ್ಲ ನಗುತ್ತಿದ್ದರು, ನಾವೂ ನಕ್ಕಿದ್ದೆವು. ಅದು ಮೋಸ ಎಂದು ಯಾರಿಗೂ ಅನ್ನಿಸಿರಲಿಲ್ಲ. ಅಷ್ಟು ಹಳೆಯದಾದ ಮೇಲೆ ಮೋಸ ಕತೆಯಾಗಿಬಿಡುತ್ತದೆಯೋ ಏನೋ.

ಫುಟ್‌ಬಾಲ್ ಆ ಗ್ರೌಂಡಿನ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಬೆಳಿಗ್ಗೆ ಸಕ್ಕರೆ ಕಾಯಿಲೆಯವರು ಸುತ್ತು ಹಾಕುತ್ತಿದ್ದರು. ಪೊಲೀಸ್ ಭರ್ತಿ ಹತ್ತಿರ ಬಂದಾಗ ಜಿಲ್ಲೆಗಳಿಂದ ಬಂದ ಹುಡುಗರು ಓಡುತ್ತಿದ್ದರು, ಅವರ ಬೆವರಿನ ವಾಸನೆ ಗ್ಯಾಲರಿಯ ಕಲ್ಲಿಗೆ ಹತ್ತುತ್ತಿತ್ತು. ಬತುಕಮ್ಮ ಹಬ್ಬದ ಸಂಜೆ ಹೆಂಗಸರು ಹೂವಿನ ಗೋಪುರ ಇಟ್ಟು ಸುತ್ತ ಚಪ್ಪಾಳೆ ತಟ್ಟುತ್ತಿದ್ದರು, ಮರುದಿನ ಪೆನಾಲ್ಟಿ ಬಾಕ್ಸಿನಲ್ಲಿ ಬಾಡಿದ ತಂಗಡಿ ಹೂವು. ಮದುವೆಯ ಕಾರುಗಳು ಅಲ್ಲೇ ನಿಲ್ಲುತ್ತಿದ್ದವು. ಸ್ಕೂಟಿ ಕಲಿಯುವವರು ಅಲ್ಲೇ ಬೀಳುತ್ತಿದ್ದರು. ನಾಯಕರು ಬಂದರೆ ಶಾಮಿಯಾನ ಏಳುತ್ತಿತ್ತು. ಶಾಮಿಯಾನದ ಗೂಟ ಕಿತ್ತ ಕುಳಿಗಳನ್ನು ಯಾರೂ ಮುಚ್ಚುತ್ತಿರಲಿಲ್ಲ, ಆದ್ದರಿಂದ ನಮ್ಮ ಹುಡುಗಿಯರಿಗೆ ಬಾಲು ಎಲ್ಲಿ ಪುಟಿಯುತ್ತದೆ, ಎಲ್ಲಿ ಸತ್ತು ಕೂರುತ್ತದೆ ಎಂದು ಬಾಯಿಪಾಠವಾಗಿತ್ತು. ಕರೋನಾ ಬಂದಾಗ ಅಲ್ಲಿ ಲಸಿಕೆ ಹಾಕಿದರು. ಜನ ದೂರ ದೂರ ನಿಲ್ಲಲೆಂದು ನೆಲದ ಮೇಲೆ ಬಿಳಿ ಬಣ್ಣದಲ್ಲಿ ಚಕ್ರಗಳನ್ನು ಬರೆದರು. ಆ ಚಕ್ರಗಳು ಎಷ್ಟು ಮಳೆ ಬಂದರೂ ಪೂರ್ತಿ ಅಳಿಸಲಿಲ್ಲ.

ಅವ್ವ ಆ ಗ್ರೌಂಡಿನ ಒಳಗೆ ಕಾಲಿಟ್ಟದ್ದೇ ಲಸಿಕೆಗಾಗಿ. ಎರಡನೆಯ ಸಲ ಬಂದದ್ದು ಈ ಫೈನಲ್‌ಗೆ. ಗ್ಯಾಲರಿಯಲ್ಲಿ ನನ್ನ ಪಕ್ಕ ಕೂತು, ಮಜ್ಜಿಗೆಯ ಬಾಟಲಿ ತೊಡೆಯ ಮೇಲಿಟ್ಟುಕೊಂಡು ಕೇಳಿದಳು.

"ಇದ ಅಲ್ಲೇನು, ನಮಗ ಸೂಜಿ ಹಾಕಿದ ಜಾಗಾ?"

"ಹೂಂ ಅವ್ವ. ಅಲ್ಲಿ, ಆ ಗೋಲಿನ ಹತ್ರ."

"ಮತ್ತ ಈ ಗೋಲ ಗೋಲ ಬರದಾರಲ್ಲ, ಇದೂ ಆಟದ್ದೇನು?"

"ಅದು ಕರೋನಾದ್ದು. ಆಟದ್ದು ಅಂದ್ರ ಆ ನಡುವಿನ ದೊಡ್ಡದು ಒಂದ."

"ಹಂಗಾರ ಇಕಿ ಯಾವುದರಾಗ ನಿಂದರಬೇಕು?"

"ಎಲ್ಲೂ ನಿಂದರಬಾರದವ್ವ. ಓಡಬೇಕು."

"ಓಡ್ಲಿ. ಮನ್ಯಾಗಂತೂ ಕರದ್ರ ಓಡಿ ಬರೂದಿಲ್ಲ."

ಅವ್ವನ ಒಂದು ಅಭ್ಯಾಸವನ್ನು ಈಗಲೇ ಹೇಳಬೇಕು, ಯಾಕೆಂದರೆ ಎಲ್ಲವೂ ಅದರ ಮೇಲೆ ನಿಂತಿತು. ಅವಳು ವಸ್ತುಗಳನ್ನು ಬೈಯುವವಳಲ್ಲ, ಕೇಳಿಕೊಳ್ಳುವವಳು. ಗ್ಯಾಸಿನ ಲೈಟರು ಕಿಡಿ ಕೊಡದಿದ್ದರೆ, ಕುಕ್ಕರಿನ ಮುಚ್ಚಳ ಕೂರದಿದ್ದರೆ, ಸೂಜಿಗೆ ದಾರ ಹೋಗದಿದ್ದರೆ, ಬಾಯಲ್ಲೇ ಮೆಲ್ಲಗೆ "ಆಗು, ನಮ್ಮವ್ವಾ, ಆಗು" ಎನ್ನುತ್ತಾಳೆ. ಕೆಲಸ ಆಗು ಎಂದು. ಕನ್ನಡ ನಾಡಿನಲ್ಲಿ ಬೇರೆ ಯಾರಾದರೂ ಹೀಗೆ ಅನ್ನುವುದನ್ನು ನಾನು ಕೇಳಿಲ್ಲ, ಅದು ಅವ್ವನದೇ ಇರಬಹುದು. ಅವಳಿಂದ ನಮ್ಮಿಬ್ಬರಿಗೂ ಬಂತು. ತಂಗಿ ಶಾಲೆಯಲ್ಲಿದ್ದಾಗ ಸೈಕಲ್ಲಿನ ಚೈನಿಗೂ ಆಗು ಎನ್ನುತ್ತಿದ್ದಳು.

ಆದರೆ ತೆಲುಗಿನಲ್ಲಿ ಆಗು ಎಂದರೆ ನಿಲ್ಲು. ಬಸ್ಸಿಗೆ, ಆಟೋಗೆ, ಓಡುವ ಮಗುವಿಗೆ ಇಡೀ ಊರು ಹೇಳುವ ಮಾತು. ನಮ್ಮ ಮನೆಗೆ ಬಂದ ತೆಲುಗಿನ ನೆಂಟರು ಅವ್ವ ಲೈಟರಿಗೆ ಯಾಕೆ ನಿಲ್ಲು ಎನ್ನುತ್ತಾಳೆ ಎಂದು ನಕ್ಕಿದ್ದುಂಟು.

ಇನ್ನೊಂದು, ಅಪ್ಪನ ಕಟ್ಟಳೆ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಊರಿನ ಮಾತು. ಯಾರೂ ಅದನ್ನು ಹೇಳಿಕೊಡಲಿಲ್ಲ, ಚಪ್ಪಲಿಯ ಜೊತೆ ಬಂತು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿದ ಕೂಡಲೇ ನಾವಿಬ್ಬರೂ ತೆಲುಗಿಗೋ ಹಿಂದಿಗೋ ದಾಟುತ್ತಿದ್ದೆವು, ಬಿಟ್ಟ ಕೂಡಲೇ ವಾಪಸ್ಸು. ಗ್ಯಾಲರಿಯಲ್ಲಿ ಅವ್ವನ ಜೊತೆ ಕನ್ನಡ ಆಡಿದೆವಲ್ಲ ಎಂದು ಕೇಳಿದರೆ, ಹೌದು, ಅವ್ವ ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತಿದ್ದಳು. ಈಗ ಆ ಬೂಟು ನನಗೆ ಯಾಕೆ ಬೇಕು ಎಂದು ತಿಳಿಯಿತಲ್ಲ: ಬರಿಗಾಲಿದ್ದರೆ ಬಾಯಲ್ಲಿ ಕನ್ನಡ.

ಅವತ್ತು ಅರ್ಧ ಗ್ರೌಂಡು ಆಗಲೇ ನಮ್ಮದಾಗಿರಲಿಲ್ಲ. ಮರುದಿನ ಯಾವುದೋ ದೊಡ್ಡ ಸಭೆ. ದೂರದ ಗೋಲಿನ ಹಿಂದೆ ಶಾಮಿಯಾನದವರು ಲಾರಿಯಿಂದ ಕಬ್ಬಿಣದ ಕಂಬ ಇಳಿಸುತ್ತಿದ್ದರು. ಒಬ್ಬ ಹಿಂದೆ ನಿಂತು ಡ್ರೈವರಿಗೆ ರಾ, ರಾ, ಆಗು ಎಂದು, ಬಾ, ಬಾ, ನಿಲ್ಲು ಎಂದು, ಕೂಗುತ್ತಿದ್ದ. ಮೈಕು ಪರೀಕ್ಷೆಯೂ ನಡೆದಿತ್ತು. ಹೊತ್ತು ಮುಳುಗುವುದರೊಳಗೆ ಆಟ ಮುಗಿಸಿ ಜಾಗ ಬಿಡಬೇಕೆಂದು ಕಮಿಟಿಗೆ ಹೇಳಿದ್ದರು. ಹಾಗಾಗಿ ಎಲ್ಲರಿಗೂ ಅವಸರ, ರೆಫರಿಗೂ.

ಎರಡೂ ಕಡೆ ಒಂದೊಂದು ಗೋಲು. ಮುಗಿಯಲು ಸ್ವಲ್ಪ ಹೊತ್ತಿತ್ತು. ನಮ್ಮ ಕಡೆಯವಳೊಬ್ಬಳು ಉದ್ದಕ್ಕೆ ಒದ್ದ ಬಾಲು ಶಾಮಿಯಾನದವರ ಗೋಲಿನ ಕಡೆ ಹೋಯಿತು. ಎದುರು ತಂಡದ ಡಿಫೆಂಡರ್, ಎರಡು ಜಡೆಯ ಎತ್ತರದ ಹುಡುಗಿ, ತಂಗಿಗಿಂತ ಮುಂದಿದ್ದಳು. ಬಾಲು ಅವಳದೇ. ಒದ್ದು ಆಚೆ ಹಾಕಲು ಕಾಲು ಎತ್ತಿದಳು. ಆಗ ತಂಗಿ ಅಂದಳು: "ಆಗು."

ಕೂಗಲಿಲ್ಲ. ಹೇಳಿದಳು, ಅಷ್ಟೇ. ಆದರೂ ಗ್ಯಾಲರಿಯಲ್ಲಿ ಕೂತ ನನಗೂ ಕೇಳಿಸಿತು, ಯಾಕೆಂದರೆ ಅದೇ ಗಳಿಗೆಯಲ್ಲಿ ಮೈಕು ನಿಂತಿತ್ತು. ಅಥವಾ ನಿಂತಿರಲಿಲ್ಲ, ನಾನು ಕಿವಿ ಅಷ್ಟು ನೆಟ್ಟಿದ್ದೆ. ಎತ್ತರದ ಹುಡುಗಿಯ ಕಾಲು ಗಾಳಿಯಲ್ಲೇ ನಿಂತಿತು. ಬಾಲು ಒಂದು ಕುಳಿಗೆ ಬಿದ್ದು ಓರೆಯಾಗಿ ಪುಟಿಯಿತು. ತಂಗಿ ಅವಳನ್ನು ಬಳಸಿ ಹೋಗಿ ಒದ್ದಳು. ಗೋಲು.

ನಮ್ಮವರು ಕುಣಿದರು. ಅವ್ವ ಮಜ್ಜಿಗೆಯ ಬಾಟಲಿ ಎತ್ತಿ ಹಿಡಿದಳು. ಎತ್ತರದ ಹುಡುಗಿ ಮಾತ್ರ ನಿಂತಲ್ಲೇ ನಿಂತು, ತನ್ನ ತಂಡದ ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು. ತನ್ನನ್ನು ನಿಲ್ಲು ಎಂದವರು ಯಾರು ಎಂದು ಹುಡುಕುತ್ತಿದ್ದಳು. ಕೊನೆಗೆ ಅವಳ ಕಣ್ಣು ತಂಗಿಯ ಮೇಲೆ ಬಂದು ನಿಂತಿತು.

ಗ್ಯಾಲರಿಯ ಕೆಳಗೆ ಒಂದು ಕೋಣೆಯಿದೆ. ನೆಟ್ಟು, ಬಾವುಟ, ಸುಣ್ಣ ಎಳೆಯುವ ಗಾಡಿ ಎಲ್ಲ ಅಲ್ಲಿ. ಮಳೆ ನೀರು ಇಳಿದು ಅದರ ಬೀಗಕ್ಕೆ ತುಕ್ಕು ಹಿಡಿದಿತ್ತು. ಎದುರು ತಂಡದವರ ದೂರಿನ ಮೇಲೆ ಕಮಿಟಿ ಆ ಕೋಣೆಯ ಮುಂದೆ ನಿಂತುಕೊಂಡೇ ಸೇರಿತು; ಅವ್ವನನ್ನು ಮೇಲೆ ಬಿಟ್ಟು ನಾನೂ ಇಳಿದು ಹೋದೆ. ಚಾಚಾ, ಜೊತೆಗೆ ಇನ್ನಿಬ್ಬರು. ಆ ಇಬ್ಬರು ಏನಾದರೂ ಮಾತಾಡಿದ್ದು ನನಗೆ ನೆನಪಿಲ್ಲ. ತನಗೆ ಏನೂ ಕೇಳಿಸಲಿಲ್ಲ, ತಾನು ದೂರದಲ್ಲಿದ್ದೆ ಎಂದು ರೆಫರಿ ಹೇಳಿ ಕೈ ತೊಳೆದುಕೊಂಡ. ಎತ್ತರದ ಹುಡುಗಿಯನ್ನು ಕರೆದರು. ಅವಳು ಅಳುತ್ತಿದ್ದಳು, ಆದರೆ ಮಾತು ನೆಟ್ಟಗಿತ್ತು.

"ಆಗು ಅನ್ನದಿ ಸಾರ್. ನೇನು ಆಗಿನ."

ನಿಲ್ಲು ಅಂದಳು, ನಾನು ನಿಂತೆ. ತೆಲಂಗಾಣದ ತೆಲುಗಿನಲ್ಲಿ ಆಗಿನ ಎಂದರೆ ನಿಂತೆ. ಕನ್ನಡದ ಕಿವಿಗೆ ಅದು ಬೇರೆ: ಆಗಿನ, ಆ ಕಾಲದ. ಈಗ ಬರೆಯುವಾಗ ಆ ಹುಡುಗಿಯ ವಾಕ್ಯ ನನಗೆ ಎರಡೂ ಆಗಿ ಕೇಳಿಸುತ್ತದೆ, ಎರಡನ್ನೂ ಬಿಡಿಸಲಾಗುತ್ತಿಲ್ಲ. ಆಗ ಹಾಗೆ ಕೇಳಿಸಿತೇ? ಇಲ್ಲ. ಆಗ ಶಿಫಾರಸು ಒಂದೇ ತಲೆಯಲ್ಲಿತ್ತು.

ನಮ್ಮ ಕೋಚ್ ಒಳ್ಳೆಯ ಮನುಷ್ಯ. ತಂಗಿಯ ಪಕ್ಕಕ್ಕೆ ಬಂದು, ಲಾರಿಯವನು ಕೂಗಿದ್ದು ಅಂತ ಹೇಳಿಬಿಡು, ಮುಗಿದುಹೋಗುತ್ತದೆ ಎಂದು ತೆಲುಗಿನಲ್ಲಿ ಪಿಸುಗುಟ್ಟಿದ. ದಾರಿ ಅಷ್ಟು ಸಲೀಸಾಗಿತ್ತು. ಲಾರಿಯವನು ಬೆಳಗಿನಿಂದ ಅದನ್ನೇ ಕೂಗುತ್ತಿದ್ದ, ಯಾರೂ ಅಲ್ಲ ಎನ್ನುವ ಹಾಗಿರಲಿಲ್ಲ. ನಾನು ತಂಗಿಯ ಮುಖ ನೋಡಿದೆ. ಹೂಂ ಅನ್ನು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

"ನಕ್ಕೋ ಸರ್," ಎಂದಳು ತಂಗಿ. "ಮೈಚ್ ಬೋಲಿ." ಬೇಡ ಸರ್, ಅಂದವಳು ನಾನೇ.

ಚಾಚಾ ಕನ್ನಡಕ ತೆಗೆದು ಅಂಗಿಗೆ ಒರೆಸಿದರು. ಅವರ ಮಾತೆಲ್ಲ ದಖನಿ ಉರ್ದುವಿನಲ್ಲೇ.

"ಕ್ಯಾ ಬೋಲಿ?"

"ಆಗು ಬೋಲಿ."

"ಮತ್ಲಬ್, ರುಕ್ ಜಾ."

"ನೈ ಚಾಚಾ. ಮತ್ಲಬ್, ಹೋ ಜಾ."

ನಿಲ್ಲು ಅಲ್ಲ, ಆಗು. ಚಾಚಾ ಕನ್ನಡಕವನ್ನು ಮತ್ತೆ ಹಾಕಿಕೊಂಡರು.

"ಕಿಸ್ಕು ಬೋಲಿ?"

"ಬಾಲ್ ಕು."

ಯಾರಿಗೆ ಅಂದೆ ಎಂದರೆ ಬಾಲಿಗೆ ಎಂದಳು. ಸುತ್ತ ನಿಂತವರು ನಕ್ಕರು. "ಬಾಲ್ ಸೇ ಬಾತಾಂ ಕರ್ತೀ ತೂ?" ಎಂದರು ಚಾಚಾ. ಬಾಲಿನ ಜೊತೆ ಮಾತಾಡುತ್ತೀಯಾ? ತಂಗಿ ಹೌದೆಂದು ತಲೆಯಾಡಿಸಿದಳು. ನಗೆ ಇನ್ನೂ ದೊಡ್ಡದಾಯಿತು, ಅದರಲ್ಲಿ ನಮಗೆ ಸಹಾಯವಾಗುವಂಥದ್ದು ಏನೂ ಇರಲಿಲ್ಲ.

ಎದುರು ತಂಡದ ಕೋಚ್, ಒಬ್ಬ ಹೆಂಗಸು, ನಗಲಿಲ್ಲ. ಇವಳು ಆಟವೆಲ್ಲ ತೆಲುಗಿನಲ್ಲೇ ಆಡಿದ್ದಾಳೆ ಎಂದರು. ಪಾಸ್ ಕೇಳಿದ್ದು ತೆಲುಗು, ಬೈದದ್ದು ತೆಲುಗು, ನೀರು ಕೇಳಿದ್ದು ತೆಲುಗು. "ಆ ಒಕ್ಕ ಮಾಟಕೇ ಕನ್ನಡಮಾ?" ಆ ಒಂದು ಮಾತಿಗೆ ಮಾತ್ರ ಕನ್ನಡವೇ? ಅವರು ಹೇಳಿದ್ದು ಸರಿಯಾಗಿತ್ತು.

ನಮ್ಮ ಕೋಚ್‌ಗೆ ಸಿಟ್ಟು ಬಂತು. ಚಾಚಾ, ನೀವು ಛೋಡ್ ಅಂದಾಗ ಯಾವ ಕಮಿಟಿ ಕೂತಿತ್ತು ಎಂದುಬಿಟ್ಟ. ಚಾಚಾನ ಎದುರಿಗೆ ಆ ಕತೆಯನ್ನು ಬೇರೆಯವರು ಹೇಳಿದ್ದು ಅದೇ ಮೊದಲು.

"ಮೈ ಜಾನ್ ಕೋ ಬೋಲಾ ಥಾ," ಎಂದರು ಚಾಚಾ, ದನಿ ಏರಿಸದೆ. "ಇಸ್ಕೇಚ್ ವಾಸ್ತೆ ಪೂಛ್ರೌಂ." ನಾನು ಬೇಕೆಂದೇ ಅಂದಿದ್ದೆ, ಅದಕ್ಕೇ ಕೇಳುತ್ತಿದ್ದೇನೆ.

ಆಮೇಲೆ ನನ್ನ ಕಡೆ ತಿರುಗಿದರು. ನಾನು ಅವ್ವನ ಲೈಟರು, ಕುಕ್ಕರು, ಸೂಜಿ ಎಲ್ಲ ಹೇಳಿದೆ. ಹೇಳುತ್ತ ಹೋದಂತೆ ನನಗೇ ಕಟ್ಟುಕತೆಯ ಹಾಗೆ ಕೇಳಿಸತೊಡಗಿತು. ಅಡುಗೆಮನೆಯ ಮಾತನ್ನು ಹಿಂದಿಗೆ ತಿರುಗಿಸಿದರೆ ಅದರಲ್ಲಿ ಏನೂ ಉಳಿಯುವುದಿಲ್ಲ. ಅಕ್ಕ ತಂಗಿಯ ಪರವಾಗಿ ಹೇಳದೆ ಇನ್ನೇನು ಹೇಳುತ್ತಾಳೆ ಎಂದು ಆ ಕೋಚ್ ಮೇಡಂ ಅಂದರು. ಅದೂ ಸರಿ.

ಚಾಚಾ ಕೋಣೆಯ ಬೀಗವನ್ನು ನೋಡಿದರು. ಆಮೇಲೆ ನನ್ನನ್ನು. "ಅಮ್ಮಾ ಕು ಬುಲಾವ್. ಕುಛ್ ನಕ್ಕೋ ಬೋಲೋ." ನಿಮ್ಮಮ್ಮನನ್ನು ಕರಿ, ಏನೂ ಹೇಳಬೇಡ.

ಅವರ ಯೋಚನೆ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ಆ ತುಕ್ಕು ಹಿಡಿದ ಬೀಗ ಸುಲಭಕ್ಕೆ ತೆರೆಯುವುದಲ್ಲ. ಅವ್ವನ ಕೈಗೆ ಬೀಗದ ಕೈ ಕೊಡುವುದು. ಅವಳ ಬಾಯಿಂದ ತಾನಾಗಿ ಏನು ಬರುತ್ತದೋ ಕೇಳುವುದು. ಆಗು ಎಂದರೆ ಮಗಳ ಮಾತು ನಿಜ.

ಗ್ಯಾಲರಿಗೆ ಹತ್ತಿ ಅವ್ವನನ್ನು ಕರೆದಾಗ ಅವಳು ಕೂತಲ್ಲಿಂದಲೇ ಕೇಳಿದಳು: "ಏನಾತು? ಆಟ ಯಾಕ ನಿಂತೈತಿ? ಇಕಿಗೆ ಪೆಟ್ಟು ಹತ್ತೈತೇನು?" ನಾನು ಇಲ್ಲ, ಬಾ ಎಂದೆ, ಅಷ್ಟೇ. ಅವ್ವ ಚಪ್ಪಲಿ ಮೆಟ್ಟಿ ಇಳಿದು ಬಂದಳು. ಗಂಡಸರು ನಿಂತದ್ದನ್ನು ಕಂಡು ಸೆರಗು ಸರಿಮಾಡಿಕೊಂಡಳು. ನಮ್ಮ ಕೋಚ್ ತೆಲುಗಿನಲ್ಲಿ, ಅಮ್ಮಾ, ಈ ಬೀಗ ನಮ್ಮ ಯಾರ ಕೈಗೂ ಬರುತ್ತಿಲ್ಲ, ನೀವು ನೋಡುತ್ತೀರಾ ಎಂದ. ಅವ್ವನಿಗೆ ವಿಚಿತ್ರವೆನಿಸಿರಬೇಕು. ಆದರೂ ಬಾಟಲಿಯನ್ನು ನನ್ನ ಕೈಗೆ ಕೊಟ್ಟು ಬೀಗದ ಕೈ ತಗೊಂಡಳು.

ಅಷ್ಟು ಜನ ಒಬ್ಬ ಹೆಂಗಸಿನ ಬಾಯಿಯನ್ನು ಅಷ್ಟು ಎಚ್ಚರದಿಂದ ನೋಡುವುದನ್ನು ನಾನು ಮತ್ತೆ ಕಂಡಿಲ್ಲ. ಎತ್ತರದ ಹುಡುಗಿ ಅಳು ನಿಲ್ಲಿಸಿ ನೋಡುತ್ತಿದ್ದಳು. ತಂಗಿ ನೆಲ ನೋಡುತ್ತಿದ್ದಳು. ಬೀಗದ ಕೈ ಒಳಗೆ ಹೋಯಿತು, ತಿರುಗಲಿಲ್ಲ. ಅವ್ವ ಅದನ್ನು ಹೊರಗೆ ತೆಗೆದು ಸೆರಗಿಗೆ ಒರೆಸಿ ಮತ್ತೆ ಹಾಕಿದಳು. ಬಲ ಹಾಕಿದಳು. ಅವಳ ತುಟಿ ಅಲುಗಿತು. ಇದನ್ನು ನಾನು ಪ್ರಮಾಣ ಮಾಡಿ ಹೇಳುತ್ತೇನೆ, ತುಟಿ ಅಲುಗಿತು. ದನಿ ಬರಲಿಲ್ಲ. ಆಮೇಲೆ ಅವಳು ತಲೆ ಎತ್ತಿ, ಕೋಚ್‌ಗೆ, ಒಳ್ಳೆಯ ತೆಲುಗಿನಲ್ಲಿ ಹೇಳಿದಳು:

"ಇದಿ ಒಸ್ತಲೇದು ಬಾಬೂ."

ಇದು ಬರುತ್ತಿಲ್ಲಪ್ಪಾ. ಹೊಸ್ತಿಲ ಹೊರಗೆ ನಾವು ಆಡುವುದು ಊರಿನ ಮಾತು. ಅವ್ವ ಕಟ್ಟಳೆಗೆ ಸರಿಯಾಗಿ ನಡೆದುಕೊಂಡಿದ್ದಳು.

ಎದುರು ತಂಡದ ಮೇಡಂ ಚಾಚಾನ ಕಡೆ ನೋಡಿದರು. ಅವ್ವ ನನ್ನ ಹತ್ತಿರ ಸರಿದು, ಯಾರಿಗೂ ಕೇಳದ ಹಾಗೆ ಮನೆಯ ಮಾತಿನಲ್ಲಿ, "ಯಾಕವಾ, ಎಲ್ಲಾರೂ ನನ್ನ ಬಾಯಿ ನೋಡಾಕತ್ತಾರ? ಹಲ್ಲಿಗೆ ಏನರ ಹತ್ತೈತೇನು?" ಎಂದಳು. ನಾನು ಇಲ್ಲ ಎಂದೆ. "ಕೊಬ್ಬರಿ ಎಣ್ಣಿ ಬಿಡ್ರಿ ಅಂತ ಹೇಳು ಅವರಿಗೆ. ಒಣಾ ಬೀಗ, ಸುಮ್ನ ತಿರುವಿದ್ರ ಎಲ್ಲಿ ಆಗತೈತಿ?"

ಎಲ್ಲಿ ಆಗತೈತಿ. ಆ ಪದದ ಹತ್ತಿರಕ್ಕೆ ಬಂದದ್ದು ಅಷ್ಟೇ, ಅದೂ ನನ್ನೊಬ್ಬಳ ಕಿವಿಗೆ.

ಬೆಳಕು ಇಳಿಯುತ್ತಿತ್ತು. ಶಾಮಿಯಾನದ ಮುಖ್ಯಸ್ಥ ಬಂದು ಇನ್ನೆಷ್ಟು ಹೊತ್ತು ಎಂದು ಕೇಳಿ ಹೋದ. ಚಾಚಾ ಹೇಳಿದರು: "ಜ಼ಬಾನ್ ಕೆ ಅಂದರ್ ಕೌನ್ ಝಾಂಕ್ ಕೋ ದೇಖಾ?" ಅವರ ಮಾತಿನಲ್ಲಿ ಜ಼ಬಾನ್ ಎಂದರೆ ನಾಲಿಗೆಯೂ ಹೌದು, ಭಾಷೆಯೂ ಹೌದು. ಅದರೊಳಗೆ ಯಾರು ಬಗ್ಗಿ ನೋಡಿದ್ದಾರೆ? ಒಬ್ಬ ಹುಡುಗಿ ನಿಂತಿದ್ದಂತೂ ನಿಜ, ಆದ್ದರಿಂದ ಗೋಲು ಇಲ್ಲ. ಪೆನಾಲ್ಟಿ ಒದ್ದು ತೀರ್ಮಾನವಾಗಲಿ. ಕೋಚ್ ಶಿಫಾರಸಿನ ಮಾತೆತ್ತಿದ. ಚಾಚಾ ತಂಗಿಯ ಕಡೆ ಬೆರಳು ತೋರಿಸಿ, "ಮೂ ಬಂದ್ ಕರ್ಕೋ ಮಾರ್. ಫಿರ್ ದೇಖ್ತೂಂ," ಎಂದರು. ಬಾಯಿ ಮುಚ್ಚಿಕೊಂಡು ಒದಿ, ಆಮೇಲೆ ನೋಡುತ್ತೇನೆ.

ಇದರ ಅರ್ಥ ನಾವು ತಿಳಿದುಕೊಂಡದ್ದು ಹೀಗೆ: ಗೋಲು ಹಾಕಿದರೆ ಶಿಫಾರಸು, ತಪ್ಪಿದರೆ ಇಲ್ಲ.

ಮೊದಲು ಒದೆಯಬೇಕಾದವಳು ಯಾರು, ಎಷ್ಟನೆಯವಳು ತಂಗಿ, ಒಂದೂ ನೆನಪಿಲ್ಲ. ನೆನಪಿರುವುದು ಪೆನಾಲ್ಟಿಯ ಜಾಗವನ್ನು ರೆಫರಿ ಹುಡುಕಿದ್ದು. ಕರೋನಾದ ಚಕ್ರಗಳ ನಡುವೆ ಪೆನಾಲ್ಟಿಯ ಚುಕ್ಕೆ ಕಳೆದುಹೋಗಿತ್ತು. ಅವನು ಹೆಜ್ಜೆ ಅಳೆದು ಕಾಲಿನಿಂದ ಗೆರೆ ಕೊರೆದ. ತಂಗಿ ಬಾಲು ಇಟ್ಟಳು. ತುಟಿಗಳನ್ನು ಒಳಕ್ಕೆ ಎಳೆದುಕೊಂಡಳು, ಬಾಯಿಯೇ ಇಲ್ಲದವಳ ಹಾಗೆ ಕಂಡಳು. ಅವ್ವ ಗ್ಯಾಲರಿಗೆ ಹತ್ತದೆ ನನ್ನ ಪಕ್ಕ ಗೆರೆಯ ಹೊರಗೇ ನಿಂತಿದ್ದಳು. ನನ್ನ ಮಣಿಕಟ್ಟನ್ನು ಹಿಡಿದಿದ್ದಳು. ಯಾಕೆ ಎಂದು ಇನ್ನೂ ಯಾರೂ ಅವಳಿಗೆ ಹೇಳಿರಲಿಲ್ಲ, ಆದರೂ ಹಿಡಿದಿದ್ದಳು.

ತಂಗಿ ಓಡಿ ಬಂದು ಒದ್ದಳು. ಬಾಲು ಮೇಲಿನ ಕಂಬಿಯನ್ನೂ ದಾಟಿ ಹೋಗಿ ಲಾರಿಯ ತಗಡಿಗೆ ಬಡಿಯಿತು. ಲಾರಿಯ ಹಿಂದಿನವನು, ಏನಾಯಿತೋ ಎಂದು ಗಾಬರಿಯಾಗಿ, ಡ್ರೈವರಿಗೆ ಕೂಗಿದ: "ಆಗು! ಆಗು!"

ಮೊದಲು ನಕ್ಕವಳು ಎತ್ತರದ ಹುಡುಗಿ. ಅವಳಿಗೆ ನಗಬಾರದು ಎಂದಿತ್ತು, ತಡೆಯಲಾಗಲಿಲ್ಲ. ಆಮೇಲೆ ಎಲ್ಲರೂ. ತಂಗಿಯೂ ನಕ್ಕಳು, ಮಂಡಿಯ ಮೇಲೆ ಕೈಯಿಟ್ಟು ಬಗ್ಗಿ, ಕಣ್ಣೀರು ಬರುವವರೆಗೆ. ಅದು ಎಲ್ಲಿಯವರೆಗೆ ನಗೆಯಾಗಿತ್ತು ಎಂದು ಹೇಳಲಾರೆ. ನಗದವರು ಇಬ್ಬರೇ, ಚಾಚಾ ಮತ್ತು ನಾನು. ನಾವು ಸೋತೆವು. ಶಾಮಿಯಾನದ ಕಂಬಗಳು ಎದ್ದವು.

ಮನೆಗೆ ಬಂದ ತಂಗಿ ಬಾಗಿಲಲ್ಲಿ ಬೂಟು ಬಿಚ್ಚಿಟ್ಟು ಒಳಗೆ ಹೋದಳು. ಕೆಳಗೆ ಬಿದ್ದ ಬೂಟಿನ ಲೇಸನ್ನು ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅಲ್ಲೇ ಇರಬೇಕು. ಅಲ್ಲಿಂದಲೇ ಅದು ಗೋಲಿನ ಮುಂದೆ ಹೋಗಿ ಬಿದ್ದಿರಬೇಕು.

ಕೆಲವು ದಿನಗಳ ನಂತರ ಚಾಚಾ ಹೇಳಿಕಳಿಸಿದರು. ನಾನೊಬ್ಬಳೇ ಹೋದೆ. ಗ್ಯಾಲರಿಯ ಕೆಳ ಮೆಟ್ಟಿಲ ಮೇಲೆ ಚಹಾ ಕುಡಿಯುತ್ತ ಕೂತಿದ್ದರು. ಶಿಫಾರಸಿನ ಕಾಗದವನ್ನು ಸುಮ್ಮನೆ ಕೈಗಿಟ್ಟರು. ಅವಳು ಗೋಲು ಹಾಕಲಿಲ್ಲವಲ್ಲ ಚಾಚಾ ಎಂದೆ. ಅವರು ನನ್ನನ್ನು ದಡ್ಡಿಯ ಹಾಗೆ ನೋಡಿದರು.

"ಚುಪ್ ಮಾರೀ, ಚೂಕ್ ಗಯೀ. ಬಾತ್ ನೈ ಕರೀ, ಬಾಲ್ ನೈ ಸುನಾ."

ಸುಮ್ಮನೆ ಒದ್ದಳು, ತಪ್ಪಿತು. ಇವಳು ಮಾತಾಡಲಿಲ್ಲ, ಬಾಲು ಕೇಳಲಿಲ್ಲ. ಅಂದರೆ ಇವಳು ನಿಜಕ್ಕೂ ಬಾಲಿನ ಜೊತೆ ಮಾತಾಡುವವಳೇ. ಚಾಚಾಗೆ ಅದೇ ಸಾಕ್ಷಿಯಾಗಿತ್ತು. ತಮಾಷೆಗೆ ಹೇಳಿದರೋ, ಅಥವಾ ಹುಡುಗಿಗೆ ನೌಕರಿ ತಪ್ಪಬಾರದೆಂದು ಒಂದು ನೆಪ ಹುಡುಕಿಕೊಂಡರೋ, ಅವರ ಮುಖದಲ್ಲಿ ಏನೂ ತಿಳಿಯಲಿಲ್ಲ. ಕೋಣೆಯ ಬೀಗಕ್ಕೆ ಎಣ್ಣೆ ಬಿಟ್ಟಿದ್ದರು, ಕಲ್ಲಿನ ಮೇಲೆ ಅದರ ಕಲೆ ಇಳಿದಿತ್ತು.

ತಂಗಿ ಆಯ್ಕೆಯಾದಳು. ಈಗ ಆ ಕಾರ್ಖಾನೆಯಲ್ಲಿದ್ದಾಳೆ, ಅವರ ತಂಡಕ್ಕೆ ಆಡುತ್ತಾಳೆ. ಅಪ್ಪ ನಿವೃತ್ತರಾಗಿದ್ದಾರೆ, ಗ್ರೌಂಡಿನಲ್ಲಿ ಬೆಳಿಗ್ಗೆ ಸುತ್ತು ಹಾಕುತ್ತಾರೆ. ಅಲ್ಲಿ ಈಗ ಒಂದು ಕಡೆ ಅಗೆದಿದ್ದಾರೆ, ಪ್ಲಾಸ್ಟಿಕ್ ಹುಲ್ಲು ಹಾಕುತ್ತಾರಂತೆ, ಇನ್ನು ಶಾಮಿಯಾನಕ್ಕೆ ಕೊಡುವುದಿಲ್ಲವಂತೆ. ಅದನ್ನು ನಂಬುವವರು ಯಾರೂ ಸಿಕ್ಕಿಲ್ಲ.

ತಂಗಿಯ ಬಾಯಲ್ಲಿ ಆ ಗೋಲಿನ ಕತೆ ಎರಡಾಗಿದೆ. ಕಾರ್ಖಾನೆಯ ಗೆಳತಿಯರಿಗೆ ಹೇಳುವಾಗ ಅದು ಚಾಚಾನ ಛೋಡ್ ಇದ್ದ ಹಾಗೆ, ಎದುರಿನವಳನ್ನು ಹೇಗೆ ನಿಲ್ಲಿಸಿದೆ ಎಂಬ ಕತೆ, ಎಲ್ಲರೂ ನಗುತ್ತಾರೆ. ಅವ್ವನ ಎದುರು ಅದು ಬಾಲಿಗೆ ಹೇಳಿದ ಮಾತು. ಬೂಟು ಬಿಚ್ಚಿತ್ತಾ ಎಂದು ಹೋದ ವಾರ ಕೇಳಿದೆ. "ಹುಚ್ಚಿ ಅಕ್ಕಾ, ಬೂಟ್ ಬಿಚ್ಚಿದ್ರ ನಾ ಬೀಳ್ತಿದ್ದೆ," ಎಂದಳು. ಹಾಗಾದರೆ ಆಗು ಅಂದದ್ದು ಯಾವ ಭಾಷೆಯಲ್ಲಿ ಎಂದೆ. ಅವಳು ಗ್ಯಾಸಿನ ಮುಂದೆ ನಿಂತಿದ್ದಳು, ಲೈಟರು ಹೊತ್ತುತ್ತಿರಲಿಲ್ಲ. ತಿರುಗಿ ನೋಡಿ, "ನಿನಗ ಹೆಂಗ ಕೇಳ್ತು?" ಎಂದಳು.

ನನಗೆ ಹೇಗೆ ಕೇಳಿಸಿತು ಎಂದು ನನಗೆ ಗೊತ್ತಿಲ್ಲ. ಅವಳು ಯಾವ ಭಾಷೆಯಲ್ಲಿ ಅಂದಳು ಎಂದೂ ಗೊತ್ತಿಲ್ಲ. ಆ ಪೆನಾಲ್ಟಿ ತಾನಾಗಿ ತಪ್ಪಿತೋ, ಆ ಗೋಲಿನ ಲೆಕ್ಕ ತೀರಿಸಲೆಂದು ಅವಳೇ ತಪ್ಪಿಸಿದಳೋ, ಅದೂ ಗೊತ್ತಿಲ್ಲ.